ಮೈಕ್ರೋಟೋಮಿನ ಮಾಮ

ಅವರ ಎಡಗೈ ತೋರುಬೆರಳಿನ ತುದಿ ಓರೆಯಾಗಿ ಕೊಯ್ದುಹೋಗಿತ್ತು. ಉಗುರು ಅರ್ಧ ಮಾತ್ರ ಉಳಿದಿತ್ತು. ಆ ಅರ್ಧ ಉಗುರಿನ ಸುತ್ತ ಸದಾ ಬಿಳಿ ಮೇಣದ ಗೆರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಂತ್ರದ ಅಲಗು ಕಿತ್ತುಕೊಂಡದ್ದಂತೆ ಅದು. ಆದರೂ ಉಸಿರು ತಾಕಿದರೆ ಹರಿಯುವಷ್ಟು ತೆಳ್ಳನೆಯ ಮೇಣದ ಪಟ್ಟಿಯನ್ನು ಅದೇ ಬೆರಳಿನ ಆಸರೆಯಲ್ಲಿ ಎತ್ತಿ, ಬೆಚ್ಚಗಿನ ನೀರಿನ ಮೇಲೆ ಒಂದು ಸುಕ್ಕೂ ಇಲ್ಲದಂತೆ ಹಾಸುತ್ತಿದ್ದರು.

ಬಳ್ಳಾರಿಯಲ್ಲಿ ನಾನು ಪೆಥಾಲಜಿ ಎಂ.ಡಿ. ಓದುತ್ತಿದ್ದ ಕಾಲೇಜಿನ ಲ್ಯಾಬಿನಲ್ಲಿ ಅವರು ಟೆಕ್ನಿಷಿಯನ್. ರೋಗಿಯ ದೇಹದಿಂದ ತೆಗೆದ ತುಣುಕನ್ನು ಮೇಣದ ಅಚ್ಚಿನಲ್ಲಿ ಹುದುಗಿಸಿ ಬ್ಲಾಕು ಮಾಡಿ, ಮೈಕ್ರೋಟೋಮ್ ಎಂಬ ಯಂತ್ರದಲ್ಲಿ ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಕೂರಿಸಿ, ಬಣ್ಣ ಹಚ್ಚಿ ಕೊಡುವುದು ಅವರ ಕೆಲಸ. ಸೂಕ್ಷ್ಮದರ್ಶಕದ ಕೆಳಗೆ ವೈದ್ಯರು ನೋಡುವುದೆಲ್ಲ ಅವರ ಕೈಯಿಂದ ಬಂದದ್ದೇ. ದಿನಾ ಬೆಳಿಗ್ಗೆ ಕುರುಗೋಡಿನ ಬಸ್ಸಿಗೆ ಬಂದು, ಹಣೆಯ ವಿಭೂತಿ ಬೆವರಿಗೆ ಅಳಿಸುವ ಮೊದಲೇ ಯಂತ್ರದ ಮುಂದೆ ಕೂತಿರುತ್ತಿದ್ದರು. ವಿಭಾಗದಲ್ಲಿ ಎಲ್ಲರೂ ಅವರನ್ನು ಮಾಮ ಎಂದೇ ಕರೆಯುತ್ತಿದ್ದೆವು.

ಕೊಯ್ಯುವಾಗ ಫ್ಯಾನು ಆರಿಸುತ್ತಿದ್ದರು. ಗಾಳಿಗೆ ಪಟ್ಟಿ ಹಾರಿಹೋಗುತ್ತದೆ. ಬಳ್ಳಾರಿಯ ಮೇ ತಿಂಗಳಿನಲ್ಲಿ ಫ್ಯಾನಿಲ್ಲದ ಆ ಕೋಣೆಗೆ ಯಾರೂ ಕಾಲಿಡುತ್ತಿರಲಿಲ್ಲ. ಅವರು ಹೆಗಲ ಮೇಲೊಂದು ಟವೆಲ್ಲು ಹಾಕಿಕೊಂಡು ಒಬ್ಬರೇ ಕೂತು ಚಕ್ರ ತಿರುಗಿಸುತ್ತಿದ್ದರು. ಪಟ್ಟಿ ಮಡಚಿಕೊಂಡು ಸ್ಲೈಡು ಕೆಟ್ಟರೆ "ಮಡಿಕಿ ಬಿತ್ತು" ಎನ್ನುವುದು ಅವರ ಮಾತು. ಬಸ್ಸು ತಪ್ಪಿದರೂ ಅದೇ, ಯಾರದೋ ಮದುವೆಯ ಮಾತು ಮುರಿದರೂ ಅದೇ: "ಅಲ್ಲೊಂದು ಮಡಿಕಿ ಬಿತ್ತು ನೋಡ್ರಿ."

ನಾನು ಸಿರುಗುಪ್ಪದವಳು, ಪ್ರಾಥಮಿಕ ಶಾಲೆಯ ಮಾಸ್ತರರ ಮಗಳು. ನಮ್ಮ ಮನೆತನದಲ್ಲಿ ಡಾಕ್ಟರಾದವರು ಯಾರೂ ಇರಲಿಲ್ಲ. ತಾಯಿಯ ರಕ್ತಹೀನತೆಯು ಕೂಸಿನ ಹಿಂದೆ ಹೊರಬರುವ ಮಾಸಿನಲ್ಲಿ ಏನೇನು ಬದಲಾವಣೆ ತರುತ್ತದೆ ಎಂಬುದು ನನ್ನ ಥೀಸಿಸ್ಸಿನ ವಿಷಯ. ಗೈಡ್ ಕೊಟ್ಟದ್ದು, ನಾನು ಒಪ್ಪಿಕೊಂಡದ್ದು. ಹೆರಿಗೆ ವಾರ್ಡಿನ ಬಾಗಿಲಲ್ಲಿ ಬಾಟಲಿ ಹಿಡಿದು ನಿಂತಾಗಲೇ ಅದು ಎಂಥ ಕೆಲಸವೆಂದು ತಿಳಿದದ್ದು. ಬಾಣಂತಿ ಸಹಿ ಹಾಕಿದರೂ ಹೊರಗೆ ಕೂತ ಅಜ್ಜಿಯರು ಬಿಡುತ್ತಿರಲಿಲ್ಲ. ರೂಪನಗುಡಿಯ ಅಜ್ಜಿಯೊಬ್ಬಳಂತೂ, ಹೂಳಬೇಕಾದ ಮಾಸನ್ನು ಬಾಟಲಿಗೆ ಹಾಕುತ್ತೀಯಾ ಎಂದು ತೆಲುಗಿನಲ್ಲಿ ನನ್ನನ್ನು ಹಿಗ್ಗಾಮುಗ್ಗಾ ಬೈದಳು. ವಾರ್ಡಿಗೆ ಬಂದಿದ್ದ ಮಾಮ ಸದ್ದು ಕೇಳಿ ಆಕೆಯ ಪಕ್ಕ ನೆಲದ ಮೇಲೆಯೇ ಕೂತರು. ಇಬ್ಬರೂ ತೆಲುಗಿನಲ್ಲಿ ಹತ್ತು ನಿಮಿಷ ಮಾತಾಡಿದರು. ಕೊನೆಗೆ ಅಜ್ಜಿ ತಲೆಯಾಡಿಸಿದಳು.

"ಏನಂದ್ರಿ ಮಾಮಾ?"

"ಏನಿಲ್ರಿ. ನಿಮ್ಮ ಕಡೆ ಹೂಳೂ ಮುಂದ ಅರಿಷಿಣ ಹಾಕ್ತಾರೇನು, ಎಷ್ಟು ಆಳ ತೋಡ್ತಾರ ಅಂತ ಕೇಳಿದೆ. ಹೇಳಿದಳು. ಆಮ್ಯಾಲ, ಬಟ್ಟಿನಷ್ಟು ತುಂಡು ಕೊಡವ್ವಾ, ಉಳಿದದ್ದು ನೀ ಒಯ್ದು ಹೂಳು ಅಂದೆ. ನೀವು ಬಾಟ್ಲಿ ತೋರಿಸಿದ್ರಿ, ಆಕಿ ಅಂಜಿದಳು."

ಆ ದಿನದಿಂದ ನಾನೂ ನೆಲದ ಮೇಲೆ ಕೂತು ಕೇಳಲು ಕಲಿತೆ. ಒಪ್ಪಿದ ಹಲವರು ಇಡೀ ಮಾಸನ್ನೇ ಕೊಟ್ಟರು.

ತಪ್ಪಾದದ್ದು ನನ್ನಿಂದಲೇ. ಮಾಸು ದಪ್ಪ. ಅದನ್ನು ಸೀಳಿ, ಕೊಳೆಯದಂತೆ ಕಾಯುವ ಫಾರ್ಮಲಿನ್‌ನಲ್ಲಿ ಹಾಕಬೇಕು, ಇಲ್ಲದಿದ್ದರೆ ಔಷಧ ಒಳಗಿಳಿಯುವುದಿಲ್ಲ. ಮಾಮ ಅದನ್ನು ಎರಡು ಸಲ ಹೇಳಿದ್ದರು. ಡ್ಯೂಟಿ, ಸೆಮಿನಾರು, ಪರೀಕ್ಷೆ ಎಂದು ಓಡಾಡುತ್ತ ನಾನು ಇಡಿಯಾಗಿಯೇ ಡಬ್ಬಿಗಳಿಗೆ ಹಾಕಿ ಸ್ಟೋರಿನಲ್ಲಿ ಇಟ್ಟುಬಿಡುತ್ತಿದ್ದೆ. ಬೇಸಿಗೆ ಕಳೆದ ಮೇಲೆ ತೆಗೆದು ನೋಡಿದೆವು. ಮೇಲೆ ಗಟ್ಟಿಯಾಗಿದ್ದವು. ಮಾಮ ಒಂದನ್ನು ಅಡ್ಡ ಕೊಯ್ದು ಮೂಸಿ ನೋಡಿ, ಕೈ ಕೆಳಗಿಳಿಸಿದರು.

"ಒಳಗ ಕೊಳತಾವ್ರೀ ಮೇಡಂ."

ಆದರೂ ಮೂರು ವಾರ ಕೂತು ಎಲ್ಲವನ್ನೂ ಕೊಯ್ದು ಕೊಟ್ಟರು. ಸೂಕ್ಷ್ಮದರ್ಶಕದಲ್ಲಿ ಹೆಚ್ಚಿನವುಗಳಲ್ಲಿ ಜೀವಕೋಶಗಳ ನೆರಳು ಮಾತ್ರ ಕಾಣುತ್ತಿತ್ತು. ಗೈಡ್ ಹತ್ತು ಸ್ಲೈಡು ನೋಡಿ ಲೈಟು ಆರಿಸಿದರು. "ಇವು ಯಾವುದಕ್ಕೂ ಬರೋದಿಲ್ಲ. ಮೊದಲಿಂದ ಮಾಡು" ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಥೀಸಿಸ್ ಸಲ್ಲಿಸಲು ಎರಡು ತಿಂಗಳಿತ್ತು. ಸೀನಿಯರ್ ಒಬ್ಬರು ದಾರಿ ಹೇಳಿಕೊಟ್ಟರು: ಚೆನ್ನಾಗಿರುವ ಬ್ಲಾಕುಗಳಿಂದಲೇ ನಾಲ್ಕು ನಾಲ್ಕು ಸಲ ಕೊಯ್ಸು, ಬೇರೆ ಬೇರೆ ನಂಬರು ಹಾಕು, ಯಾರು ನೋಡುತ್ತಾರೆ? ನಾಲ್ಕು ದಿನ ಅದನ್ನೇ ಯೋಚಿಸಿದೆ. ಐದನೆಯ ದಿನ, ಮಾಮ ಒಬ್ಬರೇ ಇದ್ದಾಗ ಹೋಗಿ ಕೇಳಿದೆ.

ಅವರು ನನ್ನ ಮುಖ ನೋಡಲಿಲ್ಲ. ಚಕ್ರ ನಿಲ್ಲಿಸಿದರು. ಅಲಗು ಒರೆಸುತ್ತ ಅಂದರು: "ನೀವು ಡಾಕ್ಟ್ರು. ಕೊಯ್ದು ಕೊಡು ಅಂದ್ರ ಕೊಯ್ದು ಕೊಡ್ತೀನಿ. ಆದ್ರ ಗಾಜಿನ ಮ್ಯಾಲೆ ನಂಬರು ನೀವ ಬರೀಬೇಕು. ನನ್ನ ಕೈಲೆ ಆಗಂಗಿಲ್ಲ."

ಹೇಳಿದಂತೆಯೇ ಮಾಡಿದರು. ಒಂದೇ ಬ್ಲಾಕಿನಿಂದ ನಾಲ್ಕು ಸ್ಲೈಡು. ನಾಲ್ಕೂ ಚೊಕ್ಕಟ. ಗಾಜಿನ ಮೇಲೆ ಬರೆಯುವ ಪೆನ್ಸಿಲನ್ನು ಪಕ್ಕದಲ್ಲಿಟ್ಟು ಚಹಾ ಕುಡಿಯಲು ಹೋದರು. ಅದು ರೂಪನಗುಡಿಯ ಅಜ್ಜಿ ಒಪ್ಪಿ ಕೊಟ್ಟಿದ್ದ ತುಂಡಿನ ಬ್ಲಾಕು. ಬೆರಳಿನಷ್ಟೇ ತುಂಡಾಗಿದ್ದರಿಂದ ಔಷಧ ಒಳಗಿಳಿದು ಅದು ಕೆಟ್ಟಿರಲಿಲ್ಲ. ಮೊದಲನೆಯದರ ಮೇಲೆ ಆ ಮನೆಯ ಬಾಣಂತಿಯ ನಂಬರು ಬರೆದೆ. ಎರಡನೆಯದರ ಮೇಲೆ, ಇಡೀ ಮಾಸನ್ನೇ ಕೊಟ್ಟಿದ್ದ ಕೊಳಗಲ್ಲಿನ ಹೆಂಗಸಿನ ನಂಬರು ಬರೆಯಬೇಕಿತ್ತು. ನನಗೆ ಆ ಹೆಂಗಸಿನ ಮುಖ ನೆನಪಿತ್ತು. ಹೆರಿಗೆಯಾಗಿ ಒಂದು ತಾಸಾಗಿರಲಿಲ್ಲ, "ನಿಮ್ಮ ಓದಿಗೆ ಬರ್ತೈತಿ ಅಂದ್ರ ತಗೊಳ್ರಿ" ಅಂದಿದ್ದಳು. ಪೆನ್ಸಿಲು ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ಮಾಮ ತಿರುಗಿ ಬಂದಾಗ ಮೂರು ಗಾಜು ಖಾಲಿಯೇ ಇದ್ದವು. ಅವರು ಅವನ್ನು ತೆಗೆದು ಒಡೆದ ಗಾಜಿನ ಡಬ್ಬಿಗೆ ಹಾಕಿದರು.

ಬ್ಯಾಚಿನವರೆಲ್ಲ ಥೀಸಿಸ್ ಸಲ್ಲಿಸಿದರು. ನನ್ನದು ಮಾತ್ರ ಆರು ತಿಂಗಳು ಮುಂದಕ್ಕೆ ಹೋಯಿತು. ನಾನು ಸಿರುಗುಪ್ಪಕ್ಕೆ ಬಂದು ಮಲಗಿಬಿಟ್ಟೆ. ಜ್ವರವೆಂದು ಅಪ್ಪನಿಗೆ ಹೇಳಿದ್ದೆ. ಊಟ ಸೇರುತ್ತಿರಲಿಲ್ಲ, ತಲೆ ಬಾಚುತ್ತಿರಲಿಲ್ಲ. ಫೋನ್ ರಿಂಗಾದರೆ ಎತ್ತುತ್ತಿರಲಿಲ್ಲ. ಮುಂದೆ ಓದುವುದೇ ಬೇಡವೆಂದು ಪತ್ರವನ್ನೂ ಬರೆದಿಟ್ಟಿದ್ದೆ.

ಎರಡನೆಯ ವಾರದ ಭಾನುವಾರ ಮಧ್ಯಾಹ್ನ ಮಾಮ ನಮ್ಮ ಬಾಗಿಲಲ್ಲಿ ನಿಂತಿದ್ದರು. ಕುರುಗೋಡಿನಿಂದ ಬಸ್ಸು ಬದಲಿಸಿ ಬಂದಿದ್ದರು. ಅಪ್ಪನ ಜೊತೆ ಭತ್ತದ ನಾಟಿ, ಕಾಲುವೆ ನೀರು ಎಂದು ಮಾತಾಡುತ್ತ ಚಹಾ ಕುಡಿದರು. ನನ್ನ ಥೀಸಿಸ್ಸಿನ ಸುದ್ದಿಯನ್ನೇ ಎತ್ತಲಿಲ್ಲ. ಚಪ್ಪಲಿ ಮೆಟ್ಟುವಾಗ ನನ್ನೊಬ್ಬಳಿಗೇ ಕೇಳುವಂತೆ ಅಂದರು:

"ನಾಳೆ ಬರ್ರಿ. ವಾರ್ಡಿನ ಸಿಸ್ಟರ್‌ಗೆ ಹೇಳೀನಿ, ಹೆರಿಗಿ ಆದ ಕೂಡಲೆ ಕರೀತಾರ. ಈ ಸಲ ಸೀಳೂದು ನಾನು ತೋರಿಸ್ತೀನಿ."

"ನನ್ನಿಂದ ಆಗಲ್ಲ ಮಾಮಾ."

"ಆಗಲಿಕ್ಕಿಲ್ಲ. ಬಂದು ನೋಡಾಕ ಏನೈತಿ?"

ಹೋದೆ. ಮತ್ತೆ ವಾರ್ಡಿನ ನೆಲದ ಮೇಲೆ ಕೂತೆ. ಒಂದೊಂದನ್ನೂ ಅವರ ಕಣ್ಣೆದುರಿಗೇ ಸೀಳಿ ಔಷಧಕ್ಕೆ ಹಾಕಿದೆ. ಆ ತಿಂಗಳುಗಳಲ್ಲೇ ಅವರ ಅಂಗಿ ಹೆಗಲಿನಿಂದ ಜಾರತೊಡಗಿದ್ದನ್ನು ನೋಡಿದೆ. ಬುತ್ತಿಯಲ್ಲಿ ಒಂದು ರೊಟ್ಟಿ ಹಾಗೇ ಉಳಿಯುತ್ತಿತ್ತು. ಕೇಳಿದರೆ "ಹೊಟ್ಟಿ ಉಬ್ಬರ" ಎನ್ನುತ್ತಿದ್ದರು. ನಾನು ವೈದ್ಯೆ. ದಿನವೂ ಅವರ ಪಕ್ಕ ನಿಲ್ಲುತ್ತಿದ್ದೆ. ನನ್ನ ಬ್ಲಾಕುಗಳ ಹೊರತು ಬೇರೇನೂ ನನಗೆ ಕಾಣುತ್ತಿರಲಿಲ್ಲ. ಕೊನೆಗೆ ಊಟ ಇಳಿಯದಂತಾದಾಗ ಯಾರಿಗೂ ಹೇಳದೆ ಹೋಗಿ ಎಂಡೋಸ್ಕೋಪಿ ಮಾಡಿಸಿಕೊಂಡಿದ್ದರು.

ಆ ವಾರ ರಿಪೋರ್ಟಿಂಗ್ ಪಾಳಿ ನನ್ನದಿತ್ತು. ತಟ್ಟೆಯಲ್ಲಿದ್ದ ಜಠರದ ಸ್ಲೈಡೊಂದನ್ನು ನೋಡಿದೆ. ಹೆಚ್ಚು ಹುಡುಕಬೇಕಾಗಿರಲಿಲ್ಲ. ಮೂಲೆಯಿಂದ ಮೂಲೆಗೆ ಕ್ಯಾನ್ಸರು. ರೋಗಿಯ ವಯಸ್ಸು, ಊರು ಬರೆಯಲೆಂದು ಫಾರಂ ತಿರುಗಿಸಿದೆ. ಕುರುಗೋಡು ಎಂದಿತ್ತು. ಹೆಸರು ಓದಿದೆ.

ತಲೆ ಎತ್ತಿದಾಗ ಮಾಮ ಬಾಗಿಲಲ್ಲಿ ನಿಂತಿದ್ದರು. ಲ್ಯಾಬಿನಲ್ಲಿ ಬೇರೆ ಟೆಕ್ನಿಷಿಯನ್ನರೂ ಇದ್ದರು. ಈ ತುಣುಕನ್ನು ಮಾತ್ರ ಅವರು ಯಾರಿಗೂ ಕೊಟ್ಟಿರಲಿಲ್ಲ. ತಾವೇ ಮೇಣಕ್ಕೆ ಹಾಕಿ, ಫ್ಯಾನು ಆರಿಸಿ, ಕೊಯ್ದು, ಬಣ್ಣ ಹಚ್ಚಿ ತಂದಿಟ್ಟಿದ್ದರು.

"ಸೆಕ್ಷನ್ ಹೆಂಗ ಬಂದಾವ್ರಿ?"

"ಚಲೋ ಬಂದಾವ ಮಾಮಾ."

"ಎಲ್ಲೂ ಮಡಿಕಿ ಇಲ್ಲಲ್ಲ?"

"ಇಲ್ಲ."

"ಹಂಗಾರ ಇದ್ದದ್ದು ಇದ್ದಂಗ ಬರೀರಿ." ಸ್ಲೈಡಿನ ತಟ್ಟೆಯ ಕಡೆ ನೋಡಿ, "ಮೂವತ್ತು ವರ್ಷ ನೋಡೀನ್ರಿ. ಬಣ್ಣ ಹಚ್ಚೂ ಮುಂದ ಗೊತ್ತಾತು" ಎಂದು ಹೇಳಿ ತಮ್ಮ ಕೋಣೆಗೆ ಹೋದರು.

ನಾನು ಬರೆದೆ. ಕೆಳಗೆ ನನ್ನ ಸಹಿ ಇದೆ.

ಆಪರೇಷನ್ನಿಗೆ ರೋಗ ಮೀರಿತ್ತು. ಕಿಮೋ ಔಷಧಿಯ ಮೊದಲ ಸರದಿ ಮುಗಿಸಿ ಅವರು ಮತ್ತೆ ಕೆಲಸಕ್ಕೆ ಬಂದರು. ನಾನು ಬೇಡವೆಂದು ಜಗಳವಾಡಿದೆ. "ಮನ್ಯಾಗ ಕುಂತ್ರ ಎಲ್ಲಾರೂ ಮಾರಿ ನೋಡ್ತಾರ್ರಿ" ಎಂದರು. ದಿನಕ್ಕೆ ಐದಾರು ಬ್ಲಾಕು ಕೊಯ್ಯುತ್ತಿದ್ದರು. ನಡುವೆ ಮೇಜಿಗೆ ಹಣೆ ಹಚ್ಚಿ ಸುಧಾರಿಸಿಕೊಳ್ಳುತ್ತಿದ್ದರು. ನಾನು ಪಕ್ಕದಲ್ಲಿ ಪಟ್ಟಿಗಳನ್ನು ನೀರಿನಿಂದ ಎತ್ತಿಕೊಳ್ಳುತ್ತಿದ್ದೆ. ನನ್ನ ಕೊನೆಯ ಬ್ಲಾಕು ಮುಗಿದ ಮರುದಿನದಿಂದ ಅವರು ಬರಲಿಲ್ಲ.

ಥೀಸಿಸ್ ಸಲ್ಲಿಸಿದೆ. ನಾನು ಎಣಿಸಿದ್ದ ಫಲಿತಾಂಶ ಬರಲಿಲ್ಲ. ರಕ್ತಹೀನತೆ ಇದ್ದ, ಇಲ್ಲದ ಎರಡು ಗುಂಪಿನ ತಾಯಂದಿರ ಮಾಸುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಹಾಗೆಂದೇ ಬರೆದೆ. ಪರೀಕ್ಷಕರು ಅರ್ಧದಷ್ಟು ಪುಟ ತಿರುವಿ, "ಸ್ಲೈಡುಗಳು ಚೆನ್ನಾಗಿವೆ" ಎಂದರು. ಅದನ್ನು ಹೇಳಲು ಫೋನ್ ಮಾಡಿದಾಗ ಎತ್ತಿದವರು ಅವರ ಅಳಿಯ. ಮಾಮ ತೀರಿಕೊಂಡು ಮೂರು ದಿನವಾಗಿತ್ತು.

ಕುರುಗೋಡಿಗೆ ಹೋದೆ. ಗುಡ್ಡದ ಬುಡದ ಓಣಿಯಲ್ಲಿ ಸಣ್ಣ ಮನೆ. ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಥೀಸಿಸ್ಸಿನ ಒಂದು ಪ್ರತಿಯನ್ನು ಅವರ ಮುಂದಿಟ್ಟೆ. ಅವರಿಗೆ ಓದು ಬರುತ್ತಿರಲಿಲ್ಲ. ರಟ್ಟಿನ ಮೇಲೆ ಕೈಯಾಡಿಸಿದರು.

"ಡಾಕ್ಟ್ರಮ್ಮಾ, ಒಂದು ಕೇಳ್ತೀನಿ. ಅಲ್ಲಿ ಅವರು ಏನು ಮಾಡತಿದ್ರು? ಕೇಳಿದ್ರ ಕೊಯ್ಯೂ ಕೆಲಸ ಅಂತಿದ್ರು, ಅಷ್ಟ. ನಾನೂ ಬಿಡಿಸಿ ಕೇಳಲಿಲ್ಲ."

ನಾನು ಫೋಟೋಗಳ ಪುಟ ತೆಗೆದು ತೋರಿಸುತ್ತ ಮೊದಲಿಂದ ಹೇಳಿದೆ. ಮೇಣ, ಅಲಗು, ನೀರು, ಬಣ್ಣ. ನನ್ನ ಡಬ್ಬಿಗಳು ಕೊಳೆತದ್ದು, ನಾನು ಕೇಳಬಾರದ್ದನ್ನು ಕೇಳಿದ್ದು, ಅವರು ನಮ್ಮ ಮನೆಗೆ ಬಂದದ್ದು. ಅವರ ಜಠರದ ಸ್ಲೈಡಿನ ವಿಷಯ ಹೇಳಬೇಕೆಂದಿರಲಿಲ್ಲ. ಹೇಳುತ್ತ ಹೇಳುತ್ತ ಬಾಯಿಂದ ಬಂದುಬಿಟ್ಟಿತು.

ಅವರು ಕೈ ಎತ್ತಿ ನನ್ನನ್ನು ತಡೆದರು. "ತಮ್ಮದು ತಾವ ಕೊಯ್ಕೊಂಡ್ರಾ?"

"ಹೌದು ಅತ್ತೀ."

"ಅದು ಯಾವತ್ತು?"

ಗುರುವಾರ ಎಂದೆ. ಅಮಾವಾಸ್ಯೆಯ ಹಿಂದಿನ ದಿನ.

ಅವರು ಪುಟದ ಮೇಲಿನ ಬಣ್ಣಕ್ಕೆ ಬೆರಳು ಮುಟ್ಟಿಸಿದರು. ಆಮೇಲೆ ನನಗಲ್ಲ, ತಮಗೇ ಹೇಳಿಕೊಳ್ಳುವಂತೆ ಅಂದರು:

"ಅವತ್ತು ಬಂದವರು ಉಣ್ಣಾಕ ಗಂಗಾಳದ ಮುಂದ ಕುಂತು ಎದ್ದುಬಿಟ್ರು. ಪಲ್ಲೆದಾಗ ಉಪ್ಪಿಲ್ಲ ಅಂದ್ರು. ಇಷ್ಟು ವರ್ಷ ನನ್ನ ಅಡಿಗಿಗೆ ಒಮ್ಮೆಯೂ ಹೆಸರಿಟ್ಟವರಲ್ಲ. ನನಗ ಸಿಟ್ಟು ಬಂತು. ಬ್ಯಾಡಾದ್ರ ಬಿಡ್ರಿ ಅಂತ ಗಂಗಾಳ ಎತ್ತಿಕೊಂಡು ಒಳಗ ಹೋಗಿಬಿಟ್ಟೆ, ಅವ್ವಾ."