ಶುಕ್ರವಾರ ಸಂಜೆ ಕೋಳಿಗೆ ಮೇವಿಲ್ಲ

ಶನಿವಾರ ಬೆಳಿಗ್ಗೆ ಐದೂವರೆ. ಸಮೋವಾದ ಸವಾಯಿ ದ್ವೀಪದ ಸಾಲೆಪುವಾ ಊರಿನಲ್ಲಿ ಕೋಳಿಗಳು ಇನ್ನೂ ದಿವಿಹಲಸಿನ ಮರದಿಂದ ಇಳಿದಿಲ್ಲ. ಮರದ ಕೆಳಗೆ ಲಾಂಗಿಮೈನಾ ಎಂಬಾಕೆ ತುರಿಮಣೆಯ ಮೇಲೆ ಕುಳಿತು ತೆಂಗಿನಕಾಯಿ ತುರಿಯುತ್ತಿದ್ದಾರೆ. ನೆರಳಲ್ಲಿ ಒಣಗಿಸಿ ಜಜ್ಜಿದ ಪಪ್ಪಾಯಿ ಬೀಜವನ್ನು ತುರಿಗೆ ಬೆರೆಸುತ್ತಾರೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಮುಖ ಕಿವುಚುತ್ತಾರೆ. "ಖಾರ ಇದೆ. ಸರಿಯಾಗಿದೆ."

"ಕೋಳಿ ಹೊಟ್ಟೆ ಹುಳಕ್ಕಿಂತ ಮೊದ್ಲು ನಿನ್ ಹೊಟ್ಟೆ ಹುಳಾನೇ ಸಾಯುತ್ತೆ ಬಿಡು," ಎನ್ನುತ್ತಾರೆ ಅತ್ತಿಗೆ ಪೆಪೆ.

"ಸಾಯ್ಲಿ ಅತ್ತಿಗೆ. ನಿಮಗೂ ಒಂದು ತುತ್ತು ಹಾಕ್ಲಾ?"

ಲಾಂಗಿಮೈನಾ ನಗುತ್ತಾರೆ, ಆದರೆ ಕಣ್ಣು ಮರದ ಮೇಲೆಯೇ ಇದೆ. ಊರಿನ ಎಲ್ಲ ಮನೆಗಳಲ್ಲೂ ಒಂದೇ ಬೆಳಿಗ್ಗೆ ಕೋಳಿಗಳಿಗೆ ಈ ಹುಳದ ಮದ್ದು ಹಾಕಬೇಕೆಂದು ಮಹಿಳಾ ಸಮಿತಿಯನ್ನು ಒಪ್ಪಿಸಿದವರು ಅವರು. ಮೊದಲ ಪ್ರಯತ್ನ ನೆಲಕಚ್ಚಿತು. ಇದು ಎರಡನೆಯದು. ಇದೂ ಕೆಟ್ಟರೆ ಇನ್ನೊಮ್ಮೆ ಕೇಳಬೇಡ ಎಂದು ಸಮಿತಿ ಹೇಳಿಬಿಟ್ಟಿದೆ.

ಲಾಂಗಿಮೈನಾ ದುಡಿದದ್ದೆಲ್ಲ ಕೊಬ್ಬರಿ ಒಣಗಿಸುವ ಕೆಲಸದಲ್ಲಿ. ಕೋಳಿ ಸಾಕಿದ್ದು ಮನೆಬಳಕೆಗೆ, ಅಷ್ಟೆ. ಒಂದು ಮಳೆಗಾಲ ಅವರ ಮರಿಗಳು ರೆಕ್ಕೆ ಇಳಿಬಿಟ್ಟು ಒಂದೊಂದಾಗಿ ಸತ್ತವು. ಸತ್ತ ಒಂದನ್ನು ಚಾಕುವಿನಿಂದ ಸೀಳಿ ನೋಡಿದರು. "ಕರುಳು ತುಂಬ ಹುಳ. ಶಾವಿಗೆ ತುರುಕಿದ ಹಾಗಿತ್ತು. ಅವತ್ತು ಊಟ ಸೇರಲಿಲ್ಲ." ಚಿಕ್ಕಂದಿನಲ್ಲಿ ಹೊಟ್ಟೆ ಉಬ್ಬರಿಸಿದಾಗ ಅಜ್ಜಿ ಪಪ್ಪಾಯಿ ಬೀಜ ತಿನ್ನಿಸುತ್ತಿದ್ದದ್ದು ನೆನಪಾಯಿತು. ಮಿಕ್ಕ ಕೋಳಿಗಳಿಗೆ ಅದನ್ನೇ ಹಾಕಿದರು. ಕೆಲವು ಚೇತರಿಸಿಕೊಂಡವು, ಕೆಲವು ಇಲ್ಲ.

ಅವರು ಉತ್ಪ್ರೇಕ್ಷೆ ಮಾಡುವವರಲ್ಲ. "ಹುಳ ಪೂರ್ತಿ ಹೋಗಲ್ಲ, ಕಮ್ಮಿ ಆಗುತ್ತೆ. ಪೇಟೆ ಔಷಧಿ ಸಿಕ್ಕಿದ್ರೆ ಅದನ್ನೇ ಹಾಕಿ ಅಂತೀನಿ. ಹಡಗು ಬಂದಾಗ ತಾನೇ ಅದು ಸಿಗೋದು? ಪಪ್ಪಾಯಿ ಹಿತ್ತಲಲ್ಲೇ ಇದೆ." ಎಳೆ ಮರಿಗಳಿಗೆ ಮಾತ್ರ ಅವರು ಇದನ್ನು ಹಾಕುವುದಿಲ್ಲ.

ಆದರೆ ಒಂದು ಮನೆಯ ಕೋಳಿಗೆ ಹಾಕಿ ಪ್ರಯೋಜನವಿಲ್ಲ. ಹುಳದ ಮೊಟ್ಟೆ ಹಿಕ್ಕೆಯಲ್ಲಿರುತ್ತದೆ, ಕೋಳಿಗಳು ಊರೆಲ್ಲ ಕೆದಕುತ್ತವೆ. "ಕೋಳಿಗೆ ಬೇಲಿ ಗೊತ್ತಾ? ಅದಕ್ಕೆ ಎಲ್ಲಾ ಮನೇನೂ ಒಂದೇ."

ಕಳೆದ ಸಲ ಅವರು ಗೊತ್ತುಮಾಡಿದ್ದು ಸೋಮವಾರ. ಭಾನುವಾರ ಚರ್ಚಿನಿಂದ ಬಂದ ಮೇಲೆ ಪ್ರತಿ ಮನೆಯಲ್ಲೂ ದೊಡ್ಡ ಊಟ, ಮಿಕ್ಕಿದ್ದೆಲ್ಲ ಅಂಗಳಕ್ಕೆ. ಮರುದಿನ ಹೊಟ್ಟೆ ಬಿರಿಯುವಂತೆ ತಿಂದಿದ್ದ ಕೋಳಿಗಳು ಮದ್ದನ್ನು ಮೂಸಿಯೂ ನೋಡಲಿಲ್ಲ. ಈ ಸಲ ಅದಕ್ಕೇ ಶನಿವಾರ. ಶುಕ್ರವಾರ ಸಂಜೆ ಯಾರೂ ಮೇವು ಹಾಕಬಾರದು.

ಬೆಳಕಾಗುತ್ತದೆ. ಹಸಿದ ಕೋಳಿಗಳು ದೊಪದೊಪನೆ ಇಳಿದು ತುರಿಗೆ ಮುಗಿಬೀಳುತ್ತವೆ. ಲಾಂಗಿಮೈನಾ ಬುಟ್ಟಿ ಹಿಡಿದು ಮನೆಮನೆ ಸುತ್ತುತ್ತಾರೆ. ಎಲ್ಲ ಕಡೆಯೂ ಅದೇ ನೋಟ. ಕೊನೆಯದು ಚರ್ಚಿನ ಹಿರಿಯ ಫಿಲೆಮೋನಿಯವರ ಮನೆ. ಊರಲ್ಲಿ ಅತಿ ಹೆಚ್ಚು ಕೋಳಿ ಇರುವುದು ಅಲ್ಲೇ. ಅಂಗಳದ ತುಂಬ ಕೆಸುವಿನ ಗೆಡ್ಡೆಯ ಸಿಪ್ಪೆ, ಮೀನಿನ ಮುಳ್ಳು. ಕೋಳಿಗಳು ಧೂಳಲ್ಲಿ ಹೊರಳುತ್ತಿವೆ.

"ಮಾವ, ಏನಿದು?"

"ರಾತ್ರಿ ಆಕ್ಲೆಂಡಿಂದ ನೆಂಟರು ಬಂದ್ರು ಕಣೇ. ನೆಂಟರ ಎದುರಿಗೆ ಎಂಜಲು ಬಚ್ಚಿಡೋಕಾಗುತ್ತಾ? ನಮ್ಮನೆ ಬಿಟ್ಬಿಡು."

"ನಿಮ್ಮನೆ ಬಿಟ್ರೆ ಊರೇ ಬಿಟ್ಟ ಹಾಗೆ. ಇವತ್ತು ಕೋಳಿಗಳನ್ನ ಬರೀ ನೀರಿಟ್ಟು ಹೊರಗಿನ ಅಡುಗೆಮನೇಲಿ ಕೂಡಿಹಾಕಿ. ನಾಳೆ ಬೆಳಿಗ್ಗೆ ಹಾಕೋಣ."

"ನಾಳೆ ಭಾನುವಾರ! ಚರ್ಚಿನ ಹಿರಿಯನ ಮನೇಲೇ ಭಾನುವಾರ ಕೆಲಸ ಮಾಡಿಸ್ತೀಯಾ? ಊರೋರು ನನ್ ತಲೆ ಬೋಳಿಸ್ತಾರೆ."

"ಅಲ್ಲೇನು ಕೂದಲಿದೆ ಮಾವ ಬೋಳಿಸೋಕೆ?"

ಒಳಗಿನಿಂದ ನೆಂಟರ ನಗು ಕೇಳಿಸುತ್ತದೆ. ಫಿಲೆಮೋನಿ ನಗುವುದಿಲ್ಲ. ಲಾಂಗಿಮೈನಾ ದನಿ ತಗ್ಗಿಸುತ್ತಾರೆ. "ಭಾನುವಾರ ಚರ್ಚಿಗೆ ಮುಂಚೆ ಕಲ್ಲು ಕಾಯಿಸಿ ಅಡುಗೆ ಮಾಡಲ್ವಾ? ಕಾಯಿ ತುರಿಯಲ್ವಾ? ಅದು ತಪ್ಪಲ್ಲ ತಾನೇ? ಅದೇ ತುರೀಲಿ ಒಂದಿಷ್ಟು ಈ ಬೀಜ. ನಾನು ಬರಲ್ಲ. ಹಾಕೋದು ಬಿಡೋದು ನಿಮಗೆ ಸೇರಿದ್ದು."

ಎಲೆಯಲ್ಲಿ ಕಟ್ಟಿದ ಬೀಜದ ಪೊಟ್ಟಣವನ್ನು ಅವರ ಹೊಸ್ತಿಲ ಮೇಲಿಟ್ಟು ಹೊರಡುತ್ತಾರೆ. ದಾರಿಯಲ್ಲಿ ಕೇಳಿದರೆ ಹೇಳುವುದು ಇಷ್ಟು: "ಹುಳ ನೋಡಿದೋಳು ನಾನು. ಅವ್ರು ನೋಡಿಲ್ಲ. ಅವ್ರದ್ದೂ ತಪ್ಪಲ್ಲ. ಊರಿಗೆಲ್ಲ ಒಂದು ದಿನ ಅಂತ ಆದ್ರೆ ನನಗೆ ಅಷ್ಟೇ ಸಾಕು."

ಭಾನುವಾರ ಚರ್ಚಿನ ಮೊದಲ ಗಂಟೆ ಬಾರಿಸುವ ಮುಂಚೆ ಫಿಲೆಮೋನಿ ಅಡುಗೆಮನೆಯ ಬಾಗಿಲು ತೆಗೆದು ಬೀಜ ಬೆರೆಸಿದ ತುರಿಯನ್ನು ತಾವೇ ಚೆಲ್ಲಿದರು. ಕೋಳಿಗಳು ನೆಲ ಗುಡಿಸಿದಂತೆ ತಿಂದವು. ಸೋಮವಾರ ಅವರು ಹಿಕ್ಕೆಯನ್ನು ಕಡ್ಡಿಯಿಂದ ಕೆದಕಿ, ಅದರಲ್ಲಿ ಬಿದ್ದ ಹುಳ ನೋಡಿ ಹೆಂಡತಿಯನ್ನು ಕೂಗಿ ಕರೆದರು. ಮಂಗಳವಾರ ಮಹಿಳಾ ಸಮಿತಿ ಸೇರಿ, ಮುಂದಿನ ಸಲದ ಮದ್ದಿಗೆ ಮೂರು ತಿಂಗಳಾಚೆಯ ಒಂದು ಶನಿವಾರವನ್ನು ಗೊತ್ತುಮಾಡಿತು. ಹಿಂದಿನ ಸಂಜೆ ನೆಂಟರು ಬರುವ ಮನೆಯವರು ಕೋಳಿಗಳನ್ನು ಮೊದಲೇ ಕೂಡಿಡಬೇಕೆಂಬ ಹೊಸ ನಿಯಮವೂ ಆಯಿತು. ಅದನ್ನು ಸೂಚಿಸಿದವರು ಫಿಲೆಮೋನಿಯವರ ಹೆಂಡತಿ.