ನೀಲಿ ಡ್ರಮ್ಮಿನ ಜೀವಾಣುಗಳು

ಕಳೆದ ವಾರ ನಮ್ಮ ಕಾಕಾ ಕೋಟ್ಯಂತರ ಜೀವಗಳನ್ನು ಬೆಲ್ಲ ತಿನ್ನಿಸಿ ಕೊಂದರು. (ಪೊಲೀಸರು ಬರಲಿಲ್ಲ.) ಸತ್ತದ್ದು ಬ್ಯಾಕ್ಟೀರಿಯಾ.

ಕಾಕಾರ ಗಡಿಯೂರು ನಾಂದಣಿಯಲ್ಲಿ ಅಕ್ಕಪಕ್ಕದವರದೆಲ್ಲ ಕಬ್ಬು, ಇವರದು ಮಾತ್ರ ದ್ರಾಕ್ಷಿ. ಬಳ್ಳಿ ಸೊರಗಿದೆ. ಬುಡ ಕೆದರಿದರೆ ಒಂದು ಹೊಸ ಬಿಳಿ ಬೇರೂ ಕಾಣದು.

"ಈ ಸಲ ಸುಧಾರಸ್ಲಿಲ್ಲಂದ್ರ ಕಿತ್ತ ಒಗದ ಕಬ್ಬ ಹಚ್ಚತೇನಿ" ಎಂದರು ಕಾಕಾ.

ಕೊನೆಯ ಪ್ರಯತ್ನವೆಂದು ಇಬ್ಬರೂ ಇಚಲಕರಂಜಿಗೆ ಹೋಗಿ ಜೀವಾಣುಗಳ ಬಾಟಲಿ ತಂದೆವು. ಅಂಗಡಿಯವ ಮೂಗಿನಿಂದ ಮಾತಾಡುವ ಮನುಷ್ಯ. "ದಾದಾ, ಹಾ ಜಿವಂತ ಮಾಲ್ ಆಹೆ!" ಎಂದ, ಇದು ಜೀವಂತ ಸರಕು ಅಂತ. ಬೆಲ್ಲದ ನೀರಿನಲ್ಲಿ ಬೆಳೆಸಿ ಬುಡಕ್ಕೆ ಹಾಕಿದರೆ ಬೇರಿನ ಸುತ್ತ ಸಂಸಾರ ಹೂಡುತ್ತವಂತೆ, ಮಣ್ಣಿನಲ್ಲಿ ಬಿಗಿದು ಕೂತ ರಂಜಕವನ್ನು ಕರಗಿಸಿ ಬಳ್ಳಿಗೆ ಉಣಿಸುತ್ತವಂತೆ. ದಾರಿಯುದ್ದಕ್ಕೂ ಅವನ ದನಿ ತೆಗೆದು ಕಾಕಾರನ್ನು ನಗಿಸಿದೆ. (ನನಗೆ ಬರುವ ಕೃಷಿ ಅದೊಂದೇ.)

ಕಾಕಾ ಬೆಲ್ಲದ ನೀರಿಗೆ ಬಾಟಲಿ ಸುರಿದಿಟ್ಟ ಡ್ರಮ್ಮಿನ ಮುಚ್ಚಳ ಮರುದಿನ ತೆಗೆದರೆ ನೊರೆಯಿಲ್ಲ, ಹುಳಿ ವಾಸನೆಯಿಲ್ಲ.

"ಕಾಕಾ, ಇದ ಯಾವ ಡ್ರಮ್ಮ ರೀ?"

"ಔಷಧಾ ಕಲಸೂದು. ತೊಳದೇನಲ್ಲೋ!"

ವರ್ಷಗಟ್ಟಲೆ ಮೈಲುತುತ್ತು, ಸುಣ್ಣ ಕಲಸಿದ ಡ್ರಮ್ಮು. ಒಳಗೆಲ್ಲ ನೀಲಿ. ಬೂಷ್ಟು ಕೊಲ್ಲುವ ಮೈಲುತುತ್ತಿಗೆ ಬ್ಯಾಕ್ಟೀರಿಯಾ ಏನು ಬೀಗರೇ?

ಕಾಕಾರ ಹೆಂಡತಿ, ನಮ್ಮ ಕಾಕು, ಹಣೆ ಬಡಿದುಕೊಂಡರು: "ಕಸಾಯಿ ಅಂಗಡ್ಯಾಗ ಬಾಣಂತನಾ ಮಾಡೀರಲ್ರಿ!"

ಮತ್ತೊಂದು ಬಾಟಲಿ ಬಂತು. ಈ ಸಲ ಕಾಕು ತಮ್ಮ ಹೊಸ ಬಕೆಟ್ಟನ್ನೇ ಕೊಟ್ಟರು. ನೊರೆ ಉಕ್ಕಿತು! ಕಾಕಾ ಕೂಸಿಗೆ ಹಾಲು ಹಾಕುವಂತೆ ಬುಡಬುಡಕ್ಕೂ ಬಗ್ಗಿ ಹೊಯ್ದರು. ನನಗೆ ಅವರ ನಕಲು ಮಾಡುವ ಮನಸ್ಸಾಗಲಿಲ್ಲ.

ಮೊನ್ನೆ ಮೋಡ ಕವಿಯಿತು. ದ್ರಾಕ್ಷಿಯವರಿಗೆ ಮೋಡವೆಂದರೆ ಎಲೆ ಕೊಳೆಸುವ ದಾವಣಿ ರೋಗ. ಕಾಕಾ ಮೈಲುತುತ್ತು ಕಲಸತೊಡಗಿದರು. ಅದೇ ಡ್ರಮ್ಮಿನಲ್ಲಿ.

"ಕಾಕಾ, ಎಲಿಯಿಂದ ಸೋರಿ ಬುಡಕ್ಕ ಇಳೀತದ. ಕೆಳಗ ಬಿಟ್ಟ ಬಂದೇವಲ್ಲ, ಅವು?"

"ಹೊಡೀಲಿಲ್ಲಂದ್ರ ಎಲೀನ ಉಳಿಯೂದಿಲ್ಲ. ಬರೇ ಬೇರ ಇಟಗೊಂಡ ಏನ ಮಾಡ್ಲಿ? ನೀನ ಹೇಳ."

ಆಗ ಹೊಳೆಯಿತು. ಇಷ್ಟು ವರ್ಷ ಹೊಡೆದದ್ದೆಲ್ಲ ಇಳಿದದ್ದು ಎಲ್ಲಿಗೆ? ಕೆಟ್ಟದ್ದು ಡ್ರಮ್ಮೊಂದೇ ಅಲ್ಲ. ಹೊಲವೇ ಒಳಗಿನಿಂದ ನೀಲಿಯಾಗಿದೆ. ಹೊಲ ತೊಳೆಯಲು ಯಾವ ನೀರು ತರುವುದು?

ತಡೆಯಲಾಗದೆ ಅಂಗಡಿಯವನ ದನಿ ತೆಗೆದೆ: "ದಾದಾ, ಜಿವಂತ ಮಾಲ್ ಆಹೆ..."

ಕಾಕಾ ನಗಲಿಲ್ಲ. ಪಂಪು ಬೆನ್ನಿಗೇರಿಸಿ ಮೊದಲ ಸಾಲಿಗೆ ಇಳಿದರು. ಎಲೆಯ ತುದಿಯಿಂದ ನೀಲಿ ಹನಿ ಬುಡಕ್ಕೆ ಬೀಳತೊಡಗಿತು.

ನಾನು ಇನ್ನೊಂದು ಪಂಪು ಎತ್ತಿಕೊಂಡೆ. ನೀವಾಗಿದ್ದರೆ?