ಬಚ್ಚಲುಮನೆಯ ಬಿಸಿಲು

ಬಿಸಿಲು ಬಿದ್ದ ಕಡೆಗೆ ಅಕ್ಕನ ಮುಖ ತಾನಾಗಿ ತಿರುಗುತ್ತಿತ್ತು. ಟೋಕಿಯೋದ ಎಡೋಗಾವಾದಲ್ಲಿ, ನಮ್ಮ ಸ್ಟೇಷನ್ ರಸ್ತೆಯಲ್ಲಿ ಬೇಸಿಗೆಯ ದಿನ ಜಪಾನಿ ಹೆಂಗಸರು ಕಪ್ಪು ಕೊಡೆ, ಅಗಲ ಅಂಚಿನ ಟೋಪಿ, ಮೊಣಕೈ ದಾಟುವ ಕೈಗವಸು ತೊಟ್ಟು ನೆರಳು ಹುಡುಕಿಕೊಂಡು ನಡೆಯುತ್ತಿದ್ದರೆ, ಅಕ್ಕ ಮಾತ್ರ ಸಿಗ್ನಲ್ ಕಂಬದ ಪಕ್ಕ ಚೂಡಿದಾರದ ತೋಳು ಮಡಚಿ, ಕಣ್ಣು ಮುಚ್ಚಿ, ಗಲ್ಲ ಮೇಲೆತ್ತಿ ನಿಂತಿರುತ್ತಿದ್ದರು. ಹಸಿರು ದೀಪ ಬರುತ್ತಿತ್ತು, ಹೋಗುತ್ತಿತ್ತು, ಅವರು ಕದಲುತ್ತಿರಲಿಲ್ಲ. ನನ್ನ ಗಂಡ ಬಾಲ್ಕನಿಯಿಂದ ನೋಡಿ, "ನಿಮ್ಮಕ್ಕ ಚಾರ್ಜಿಂಗ್‌ಗೆ ನಿಂತಿದಾರೆ ನೋಡು" ಎಂದು ನಗುತ್ತಿದ್ದ.

ಅವರು ನನ್ನ ಒಡಹುಟ್ಟಿದ ಅಕ್ಕನಲ್ಲ. ನಮ್ಮ ಕೆಳಗಿನ ಮಹಡಿಯವರು. ಹುಟ್ಟಿದ್ದು ಕಲಬುರಗಿಯಲ್ಲಿ, ಮದುವೆಯಾಗಿ ಹೋದದ್ದು ಐರ್ಲೆಂಡಿನ ಕಾರ್ಕ್ ಎಂಬ ಊರಿಗೆ. ಮಗಳು ಅಲ್ಲೇ ಹುಟ್ಟಿ ಬೆಳೆದು ಕಾಲೇಜು ಸೇರಿದಳು. ಅಷ್ಟರಲ್ಲಿ ಗಂಡನಿಗೆ ಟೋಕಿಯೋಗೆ ವರ್ಗವಾಗಿ, ಮಗಳನ್ನು ಅಲ್ಲೇ ಬಿಟ್ಟು ಇವರಿಬ್ಬರು ಇಲ್ಲಿಗೆ ಬಂದರು. ಹಾಗಾಗಿ ಸುತ್ತಲಿನ ಕನ್ನಡದವರಿಗೆಲ್ಲ ಅವರು ಐರ್ಲೆಂಡ್ ಅಕ್ಕ. ಹಾಗೆ ಕರೆದಾಗ ಅವರು ಮುಖ ಸಿಂಡರಿಸುತ್ತಿದ್ದರು. "ಅಷ್ಟು ವರ್ಷ ತೊಯ್ದದ್ದು ಸಾಲದಂತ ಹೆಸರಿಗೂ ಅದನ್ನೇ ಹಚ್ಚಿರೇನು?"

ಆದರೆ ಐರ್ಲೆಂಡಿನ ಬೇಸಿಗೆಯ ಕಥೆ ತೆಗೆದರೆ ಅವರನ್ನು ತಡೆಯುವವರಿರಲಿಲ್ಲ. ಅಲ್ಲಿ ಜೂನ್ ಬಂತೆಂದು ಜನ ಸ್ವೆಟರ್ ಒಳಗಿಡುತ್ತಾರಂತೆ, ಮರುದಿನ ತೆಗೆಯುತ್ತಾರಂತೆ. ಹಿತ್ತಲಲ್ಲಿ ಒಬ್ಬರು ಕೊಡೆ ಹಿಡಿದು ನಿಂತರೆ, ಇನ್ನೊಬ್ಬರು ಕೆಂಡದ ಮೇಲೆ ಮಾಂಸ ಸುಡುತ್ತಾರಂತೆ. ಸಮುದ್ರ ನೋಡಲು ಹೋದವರು ಕಾರಿನ ಗಾಜು ಏರಿಸಿಕೊಂಡು ಒಳಗೇ ಸ್ಯಾಂಡ್‌ವಿಚ್ ತಿಂದು, "ಒಳ್ಳೇ ಟ್ರಿಪ್ ಆಯ್ತು" ಎಂದು ಹಿಂದಿರುಗುತ್ತಾರಂತೆ. ಜಿನುಗು ಮಳೆಗೆ ಅವರು 'ಸಾಫ್ಟ್ ಡೇ' ಅನ್ನುತ್ತಾರೆ ಎಂದು ಹೇಳಿ ಅಕ್ಕ ಹಣೆ ಚಚ್ಚಿಕೊಳ್ಳುತ್ತಿದ್ದರು. ಒಂದು ವರ್ಷ ಅಲ್ಲಿನವರಂತೆ ಇವರೂ ಬಿಸಿಲು ಕಾಯಿಸಿಕೊಳ್ಳಲು ಸ್ಪೇನಿಗೆ ಹೋದರು. ಕಡಲ ದಂಡೆಯಲ್ಲಿ ಜನ ಟೊಮೇಟೊ ಹಣ್ಣಿನಂತೆ ಕೆಂಪಗಾಗಿ ಮಲಗಿದ್ದರು. ಅಕ್ಕ ಅವರ ನಡುವೆ ಕುಳಿತು ಅತ್ತುಬಿಟ್ಟರಂತೆ. "ನಮ್ಮವ್ವ ಬಿಸಲಾಗ ಹೋಗಬ್ಯಾಡ ಅಂತ ಬಡಿತಿದ್ಳು. ನಾ ವಿಮಾನ ಹತ್ತಿ ಬಿಸಲು ಹುಡುಕ್ಕೊಂಡು ಬಂದೀನಿ, ಅದೂ ನಮ್ಮೂರಿಗಲ್ಲ."

ಮೈಸೂರಿನವಳಾದ ನನಗೆ ಇದು ಅರ್ಥವಾಗುತ್ತಿರಲಿಲ್ಲ. ಸ್ವಲ್ಪ ಬಿಸಿಲು ಏರಿದರೆ ಫ್ಯಾನಿನ ಕೆಳಗೆ ಸೇರುವ ಮನೆತನ ನಮ್ಮದು. ಕಲಬುರಗಿಯ ಮೇ ತಿಂಗಳನ್ನು ಯಾರಾದರೂ ಬಯಸುತ್ತಾರೆಂದರೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದೆ.

ಕೊರೊನಾ ಬಂದ ವರ್ಷ ನಾನು ಬಸುರಿ. ಜೂನ್‌ಗೆ ಅಮ್ಮ ಬಂದು ಬಾಣಂತನ ಮಾಡುವುದೆಂದು ತೀರ್ಮಾನವಾಗಿತ್ತು. ಅಂಟಿನುಂಡೆ, ಬಾಣಂತಿ ಪುಡಿ, ಹಳೆಯ ಸೀರೆಯ ಬಟ್ಟೆಗಳೆಲ್ಲ ಸೂಟ್‌ಕೇಸಿಗೆ ಇಳಿದಿದ್ದವು. ವಿಮಾನ ನಿಂತವು, ಸೂಟ್‌ಕೇಸ್ ಮೈಸೂರಿನಲ್ಲೇ ಉಳಿಯಿತು. ಅಕ್ಕನದೂ ಅದೇ ಪಾಡು. ಆ ಬೇಸಿಗೆ ಅವರು ಕಲಬುರಗಿಗೆ ಹೋಗಬೇಕಿತ್ತು. ಅವರವ್ವನ ಮೊಣಕಾಲು ಸೋಲುತ್ತಿದ್ದವು. ಆಕೆ ಇನ್ನೂ ಮಾಳಿಗೆಯ ಮೆಟ್ಟಿಲು ಹತ್ತಬಲ್ಲಷ್ಟರಲ್ಲಿ ಇಬ್ಬರೂ ಒಮ್ಮೆ ಆ ಬಿಸಿಲಲ್ಲಿ ಕುಳಿತು ಸಂಡಿಗೆ ಹಾಕಬೇಕು ಎನ್ನುವುದು ಅಕ್ಕನ ಆಸೆ. ಬೇರೇನೂ ಬೇಡವಾಗಿತ್ತು. ಊರಿಗೆ ಕರೆದೊಯ್ಯುವ ವಿಶೇಷ ವಿಮಾನಗಳು ಶುರುವಾದಾಗ ಅವರು ಹೆಸರು ಕೊಟ್ಟರು. ಆಗ ಜಪಾನ್ ಬಿಟ್ಟು ಹೋದ ನಮ್ಮಂಥವರನ್ನು ಮತ್ತೆ ಯಾವಾಗ ಒಳಗೆ ಬಿಟ್ಟುಕೊಳ್ಳುತ್ತಾರೋ ಹೇಳುವವರಿರಲಿಲ್ಲ. ಅವರ ಗಂಡ ಅದನ್ನೇ ಹೇಳಿದರೆ, "ನೀವು ಅನ್ನ ಮಾಡ್ಕೋಳೂದು ಕಲೀರಿ" ಎಂದರಂತೆ.

ಜೂನ್ ನಡುವೆ ಒಂದು ದಿನ ಅಕ್ಕ ಬಂದು, "ಸೀಟ್ ಸಿಗ್ಲಿಲ್ಲ ನೋಡವಾ" ಎಂದರು. ಮಾಸ್ಕ್ ಹಾಕಿದ್ದರಿಂದ ಮುಖ ಕಾಣಲಿಲ್ಲ. ನಾನು ಅವರಿಗಾಗಿ ಮರುಗಿದೆ ಎಂದರೆ ಸುಳ್ಳಾಗುತ್ತದೆ. ಒಬ್ಬರಾದರೂ ಉಳಿದರಲ್ಲ ಎಂದು ನನಗೆ ಒಳಗೊಳಗೇ ಹಿಗ್ಗಾಯಿತು.

ಆಮೇಲೆ ಮಳೆ ಹಿಡಿಯಿತು. ಜಪಾನಿನಲ್ಲಿ ಜೂನಿನಿಂದ ಜುಲೈ ನಡುವಿನವರೆಗೆ ಮಳೆ ಇದ್ದದ್ದೇ. ಆ ವರ್ಷ ಮಾತ್ರ ಅದು ಎದ್ದು ಹೋಗುವ ಮಾತೇ ಆಡಲಿಲ್ಲ. ಒಗೆದ ಬಟ್ಟೆಯಿಂದ ಒದ್ದೆ ನಾಯಿಯ ವಾಸನೆ, ಚಪ್ಪಲಿಗೆ ಬೂಷ್ಟು, ಪಕ್ಕದ ಕೋಣೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಗಂಡನ ಆಫೀಸಿನ ಕಾಲ್. ಅಕ್ಕ ಏನು ಕೇಳಿದರೂ ನಾನು, "ಮಳೆ ನಿಂತ ಮೇಲೆ ನೋಡೋಣ ಅಕ್ಕ" ಅನ್ನುವುದನ್ನು ರೂಢಿ ಮಾಡಿಕೊಂಡೆ. ವಾಕಿಂಗ್ ಮಳೆ ನಿಂತ ಮೇಲೆ. ತೊಟ್ಟಿಲು ತರುವುದು ಮಳೆ ನಿಂತ ಮೇಲೆ. ಅಕ್ಕನಿಗೆ ಈ ಮಾತು ಕೇಳಿದರೆ ಮೈ ಉರಿಯುತ್ತಿತ್ತು.

"ಮಳಿ ನಿಂತ ಮ್ಯಾಲ ಅಂತ ಯಾವ ಕೆಲಸಾನೂ ಇಟ್ಕೋಬ್ಯಾಡ. ಕಾರ್ಕ್‌ನಾಗ ನಾ ಹಂಗೇ ಮಾಡಿ ಎರಡು ವರ್ಷ ಮನ್ಯಾಗ ಕುಂತೆ. ಏಳು, ಇವತ್ತು ಸಾಫ್ಟ್ ಡೇ, ಕೊಂಬಿನಿತನಕ ಹೋಗಿ ಬರೂಣು."

ಬೈದುಕೊಂಡೇ ಹೋಗುತ್ತಿದ್ದೆ. ಕೊಂಬಿನಿ ಎಂಬ ಮೂಲೆಯಂಗಡಿಯಲ್ಲಿ ಒಂದು ಬಾಳೆಹಣ್ಣು ಕೊಂಡು, ಹೊಟ್ಟೆ ಹೊತ್ತುಕೊಂಡು ತೊಯ್ದು ಬರುತ್ತಿದ್ದೆ. ಬಂದ ಮೇಲೆ ಹಗುರವಾಗುತ್ತಿತ್ತು. ಅದನ್ನು ಅವರಿಗೆ ಹೇಳುತ್ತಿರಲಿಲ್ಲ.

ಜುಲೈ ಮೊದಲಲ್ಲಿ ಮಗಳು ಹುಟ್ಟಿದಳು. ಆಸ್ಪತ್ರೆಯೊಳಗೆ ಯಾರಿಗೂ ಪ್ರವೇಶವಿಲ್ಲ, ಗಂಡನಿಗೂ ಇಲ್ಲ. ನೋವು ತಿಂದದ್ದು, ಕೂಗಿದ್ದು, ಹೆತ್ತದ್ದು ಎಲ್ಲ ಒಬ್ಬಳೇ. ಮಗುವಿಗೆ ಸ್ವಲ್ಪ ಕಾಮಾಲೆ ಕಂಡು ನೀಲಿ ದೀಪದ ಕೆಳಗೆ ಮಲಗಿಸಿದರು. ನಾನು ಕಿಟಕಿಯ ಬಳಿ ಕುಳಿತು ಅಳುತ್ತಿದ್ದಾಗ ಫೋನ್ ಬಂತು. "ಕೆಳಗ ನೋಡು." ರಸ್ತೆಯಾಚೆ, ಸುರಿಯುವ ಮಳೆಯಲ್ಲಿ, ಪಾರದರ್ಶಕ ಕೊಡೆಯ ಕೆಳಗೆ ಅಕ್ಕ ಕೈ ಬೀಸುತ್ತಿದ್ದರು. ಮೊಣಕಾಲವರೆಗೆ ಒದ್ದೆ.

"ಮಳೆ ನಿಂತ ಮೇಲೆ ಬರಬಹುದಿತ್ತಲ್ಲಾ ಅಕ್ಕ!"

"ನಿಲ್ಲೂದು ಅದರ ಮರ್ಜಿ. ಬರೂದು ನನ್ನ ಮರ್ಜಿ."

ಮನೆಗೆ ಬಂದ ಮೇಲೆ ಬಾಣಂತನ ಅವರದೇ. ಸೋಂಕಿನ ಕಾಲವೆಂದು ನಮ್ಮ ಮನೆ ಬಿಟ್ಟರೆ ಇನ್ನೆಲ್ಲೂ ಕಾಲಿಡದೆ, ಮಾಸ್ಕ್ ಹಾಕಿಕೊಂಡೇ ಎಣ್ಣೆ ಹಚ್ಚಿ ಎರೆಯುತ್ತಿದ್ದರು. ಮೊದಲ ತಲೆಸ್ನಾನದ ದಿನ ವಿಡಿಯೋದಲ್ಲಿ ಅಮ್ಮ, "ತಲೆ ಚೆನ್ನಾಗಿ ಒಣಗಿಸಿ, ಸಾಂಬ್ರಾಣಿ ಹಾಕ್ರಮ್ಮ" ಎಂದರು. ಅಕ್ಕ ಹಳೆಯ ಬಾಣಲೆಯಲ್ಲಿ ಇದ್ದಿಲು ಕೆಂಡ ಮಾಡಿ, ಸಾಂಬ್ರಾಣಿ ಉದುರಿಸಿ ನನ್ನ ಕೂದಲ ಕೆಳಗೆ ಹಿಡಿದರು. ಮಳೆಗೆಂದು ಕಿಟಕಿಗಳೆಲ್ಲ ಮುಚ್ಚಿದ್ದೆವು. ಹೊಗೆ ಏರಿತು. ಚಾವಣಿಯ ಯಂತ್ರ ಬಾಯಿಬಿಟ್ಟು, ಮಧುರ ಹೆಣ್ಣು ದನಿಯಲ್ಲಿ, "ಕಾಜಿ ದೆಸ್, ಕಾಜಿ ದೆಸ್" ಎಂದು ಬೆಂಕಿ ಬಿದ್ದಿದೆಯೆಂದು ಸಾರತೊಡಗಿತು. ಮಗು ಚೀರಿತು. ಗಂಡ ಹೆಡ್‌ಫೋನ್ ಸಮೇತ ಓಡಿಬಂದು, "ಏ, ಏನ್ರೇ ಇದು, ನಾನ್ ಕಾಲಲ್ಲಿದೀನಿ!" ಎಂದ. ಕೆಳಗಿನಿಂದ ಕಟ್ಟಡ ನೋಡಿಕೊಳ್ಳುವ ವೃದ್ಧರು ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಹಿಡಿದು ಏದುಸಿರು ಬಿಡುತ್ತಾ ಬಂದರು. ಅಕ್ಕ ಬಾಣಲೆಯನ್ನು ಬೆನ್ನ ಹಿಂದೆ ಹಿಡಿದು, "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತಾ ಬಗ್ಗಿದರು. ಬಗ್ಗಿದಂತೆಲ್ಲ ಹಿಂದಿನಿಂದ ಹೊಗೆ ಮೇಲೇಳುತ್ತಿತ್ತು. ಆ ಹಿರಿಯರು ಹೊಗೆ ನೋಡಿದರು, ನನ್ನ ಬಿಚ್ಚುಗೂದಲು ನೋಡಿದರು, ಮಗುವನ್ನು ನೋಡಿದರು, ತಾವೂ ಬಗ್ಗಿ ವಂದಿಸಿ ಹೋದರು. ನಮಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ನನಗೆ ಅಳು ಬಂತು, ನಿಲ್ಲಲೇ ಇಲ್ಲ. ಅಮ್ಮನಿಲ್ಲ, ಸಾಂಬ್ರಾಣಿ ಹೊಗೆಯೂ ಇಲ್ಲ, ಮಗುವನ್ನು ಹಿಡಿಯಲು ಒಂದು ಹಿಡಿ ಎಳೆಬಿಸಿಲೂ ಇಲ್ಲ ಎಂದು ಹಲುಬಿದೆ.

ಅಕ್ಕ ಕೂತು ಬಾಣಲೆಯ ಕೆಂಡ ನಂದಿಸಿದರು. ಆಮೇಲೆ ಎದ್ದು ಬಚ್ಚಲುಮನೆಗೆ ಹೋಗಿ ಏನೋ ಗುಂಡಿ ಒತ್ತಿದರು. ಇಲ್ಲಿನ ಬಚ್ಚಲುಮನೆಯ ಚಾವಣಿಯಲ್ಲಿ ಬಟ್ಟೆ ಒಣಗಿಸಲೆಂದು ಬಿಸಿಗಾಳಿ ಊದುವ ಯಂತ್ರವಿರುತ್ತದೆ. ನೆಲ ಒರೆಸಿ, ಮಣೆ ಹಾಕಿ, ನನ್ನನ್ನೂ ಮಗುವನ್ನೂ ಒಳಗೆ ಕರೆದು ಬಾಗಿಲು ಓರೆ ಮಾಡಿದರು. ಒಣ ಬೆಚ್ಚನೆ ಗಾಳಿ ಹೆಗಲ ಮೇಲೆ ಇಳಿಯಿತು. ಕೂದಲನ್ನು ಎಳೆ ಎಳೆಯಾಗಿ ಬಿಡಿಸುತ್ತಾ ಅವರು ಹೇಳಿದರು.

"ಕಾರ್ಕ್‌ನಾಗ ನಮ್ಮ ಮನಿಯೊಳಗ ಬಿಸಿನೀರಿನ ಟ್ಯಾಂಕ್ ಇಟ್ಟ ಒಂದು ಕಪಾಟಿತ್ತು. ಹಾಟ್ ಪ್ರೆಸ್ ಅಂತಾರ. ಎಲ್ಲಾರೂ ಅದ್ರಾಗ ಬಟ್ಟಿ ಬೆಚ್ಚಗ ಇಡ್ತಾರ. ನಮ್ಮ ಹುಡುಗಿ ಹುಟ್ಟಿದಾಗ ನನ್ನ ಹತ್ತಿರ ಯಾರೂ ಇರಲಿಲ್ಲ. ಇವರು ಆಫೀಸಿಗೆ ಹೋದ ಮ್ಯಾಲ ನಾ ಆ ಕಪಾಟಿನೊಳಗ ತಲಿ ಇಟ್ಟು ಅಳ್ತಿದ್ದೆ. ಒಳಗ ಬೆಚ್ಚಗ ಇರ್ತಿತ್ತು, ನಮ್ಮವ್ವನ ಮಾಳಿಗಿ ಹಂಗ. ನೀ ನನಗಿಂತ ಛಲೋ ಇದ್ದಿ. ನಿನಗ ಇಡೀ ಖೋಲಿ ಸಿಕ್ಕದ."

ಅಂದಿನಿಂದ ನಮ್ಮ ಬಚ್ಚಲುಮನೆಗೆ ಬಿಸಿಲು ಎಂದೇ ಹೆಸರಾಯಿತು. "ಬಿಸಲು ಹಚ್ಚೀನಿ, ಬಾ" ಎಂದು ಅವರು ಕೂಗುತ್ತಿದ್ದರು. ಕೆಲವು ದಿನಗಳಲ್ಲಿ ಆ ಬಿಸಿಲನ್ನು ಪೋಲು ಮಾಡುವುದೇಕೆಂದು ಸ್ನಾನದ ತೊಟ್ಟಿಯ ಮುಚ್ಚಳದ ಮೇಲೆ ಅಕ್ಕಿ ಸಂಡಿಗೆಯೂ ಬಂದು ಕುಳಿತಿತು. ಗಂಡ ಸ್ನಾನಕ್ಕೆ ಹೋಗಬೇಕಾದರೆ ಮೊದಲು ಸಂಡಿಗೆಯನ್ನು ಸೋಫಾಕ್ಕೆ ಸಾಗಿಸಬೇಕಿತ್ತು. ಅವನು ಗೊಣಗುತ್ತಿದ್ದ, ಕರಿದಾಗ ಎಲ್ಲರಿಗಿಂತ ಹೆಚ್ಚು ತಿನ್ನುತ್ತಿದ್ದ.

ಕೊನೆಗೆ ಆಗಸ್ಟ್ ಬಂದಾಗ ಒಂದು ಬೆಳಿಗ್ಗೆ ಬಾಗಿಲ ಗಂಟೆ ಬಿಡದೆ ಬಡಿದುಕೊಂಡಿತು. ತಲೆ ಬಾಚದ ಅಕ್ಕ. "ಬಂತು, ಬಂತು, ಕೂಸಿನ್ನ ತಾ." ಹತ್ತಿರದ ನದಿಯ ಏರಿಗೆ ಓಡಿದೆವು. ಅಲ್ಲಿ ಹುಲ್ಲೆಲ್ಲ ಹೊಳೆಯುತ್ತಿತ್ತು, ಮರಗಳಲ್ಲಿ ಜೀರುಂಡೆಗಳು ಕಿವಿ ಹರಿಯುವಂತೆ ಕೂಗುತ್ತಿದ್ದವು. ಅಕ್ಕ ಮಗಳ ಕಾಲುಚೀಲ ಬಿಚ್ಚಿ ಎರಡು ಪಾದಗಳನ್ನೂ ಬಿಸಿಲಿಗೆ ಹಿಡಿದರು. ಮಗು ಬೆರಳು ಅಗಲಿಸಿತು. ಅಕ್ಕನ ಕಣ್ಣಲ್ಲಿ ನೀರಿತ್ತು. ಸ್ವಲ್ಪ ಹೊತ್ತಿಗೆಲ್ಲ ಮೂವರೂ ಬೆವರಿನಲ್ಲಿ ತೊಪ್ಪೆಯಾದೆವು. "ಇದು ಬಿಸಲಲ್ಲ ಬಿಡು, ಇಡ್ಲಿ ಪಾತ್ರಿ" ಎಂದು ಮುಖ ಒರೆಸಿಕೊಂಡರು. "ನಮ್ಮೂರಿನ ಬಿಸಲಿಗೆ ಬೆವರು ಬಂದದ್ದೇ ಗೊತ್ತಾಗೂದಿಲ್ಲ, ಹಂಗೇ ಒಣಗಿಸಿ ಒಯ್ತದ." ಅವರ ಆಸೆ ಇನ್ನೂ ತೀರಿಲ್ಲ ಎನ್ನುವುದು ನನಗೆ ತಿಳಿಯಿತು.

ನಾಮಕರಣಕ್ಕೆ ಅವರು ಕೊಟ್ಟದ್ದು ಹಳದಿ ಬಣ್ಣದ ಮಳೆ ಬೂಟು. ಮಗುವಿನ ಇಡೀ ಕಾಲು ಒಂದರಲ್ಲೇ ಮುಳುಗುವಷ್ಟು ದೊಡ್ಡದು. ಬೆಳ್ಳಿಯ ಲೋಟ ತಂದವರೆಲ್ಲ ನಕ್ಕರು. "ನಡಿಯೂದು ಕಲಿತ ಮ್ಯಾಲ ಹಾಕ್ಲಿ. ನಿಮ್ಮಂಗ ಮಳಿ ಬಂತಂದ್ರ ಮನ್ಯಾಗ ಕೂಡಬಾರದು" ಎಂದರು ಅಕ್ಕ.

ಕೊನೆಗೂ ಸೀಟ್ ಸಿಕ್ಕಿ, ಮರುವರ್ಷದ ಆರಂಭದಲ್ಲಿ ಅವರು ಊರಿಗೆ ಹೋದರು. ಆಮೇಲೆ ದಿನಾ ಬೆಳಿಗ್ಗೆ ಮಾಳಿಗೆಯಿಂದ ವಿಡಿಯೋ. ಅವ್ವನನ್ನು ಇಬ್ಬರು ಹಿಡಿದು ಮೇಲೆ ಹತ್ತಿಸಿದ್ದರು. ತಾಯಿ ಕೊಡೆಯ ನೆರಳಲ್ಲಿ, ಮಗಳು ಬಿಸಿಲಲ್ಲಿ, ನಡುವೆ ಬಿಳಿ ಸೀರೆಯ ಮೇಲೆ ಸಾಲಾಗಿ ಸಂಡಿಗೆ. ಅಕ್ಕ ಕಪ್ಪಾಗಿದ್ದರು, ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು. ಫೋನನ್ನು ಆಕಾಶಕ್ಕೆ ತಿರುಗಿಸಿ, "ತಗೋ, ಕೂಸಿಗೆ ತೋರಿಸು" ಅನ್ನುತ್ತಿದ್ದರು. ನಮಗೆ ಬರೀ ಬೆಳ್ಳಗೆ ಉರಿಯುವ ಪರದೆ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಕಾವಿಗೆ ಫೋನ್ ಆರಿಹೋಗುತ್ತಿತ್ತು. ಕೊನೆಯ ಸಲವೂ ಹಾಗೇ ಆಯಿತು. ಮಗಳು ಗೋಡೆ ಹಿಡಿದು ನಿಂತದ್ದನ್ನು ತೋರಿಸಿದೆ. "ಬೂಟು ತಗದು ನೋಡಿದ್ಯಾ, ಎಷ್ಟು..." ಎನ್ನುವಷ್ಟರಲ್ಲಿ ಆರಿತು. ನಾಳೆ ಮಾತಾಡಿದರಾಯಿತು ಅಂದುಕೊಂಡೆ.

ಎರಡನೆಯ ಅಲೆ ಕಲಬುರಗಿಯನ್ನು ಹೊಕ್ಕಿತ್ತು. ಮರುದಿನ ಜ್ವರವೆಂಬ ಸಂದೇಶ, ಆಮೇಲೆ ಆಸ್ಪತ್ರೆ, ಆಮೇಲೆ ಅವರ ಗಂಡ ನಮ್ಮ ಬಾಗಿಲಿಗೆ ಬಂದು ಅಕ್ಕ ತೀರಿಕೊಂಡ ಸುದ್ದಿ ಹೇಳಿದರು. ಅವರಿಗೂ ಹೋಗಲಾಗಲಿಲ್ಲ, ಕಾರ್ಕ್‌ನ ಮಗಳಿಗೂ ಹೋಗಲಾಗಲಿಲ್ಲ. ನಾವೆಲ್ಲ ಒಂದೊಂದು ಫೋನ್ ಹಿಡಿದು ಅತ್ತೆವು.

ಕೆಲವು ವಾರಗಳ ಮೇಲೆ ಅಕ್ಕನ ನಂಬರಿನಿಂದಲೇ ಕರೆ ಬಂತು. ಫೋನ್ ಎತ್ತಿದೆ. ಅವರವ್ವ. ಸೋಂಕು ಆಕೆಗೂ ಬಂದು, ಬಿಟ್ಟು ಹೋಗಿತ್ತು. ಮಾಳಿಗೆಯಲ್ಲ, ಕೆಳಗಿನ ಕತ್ತಲು ಕೋಣೆ. ನಾನು, "ಅಮ್ಮಾ, ಹೋದ ವರ್ಷವೇ ಅವರಿಗೆ ಸೀಟ್ ಸಿಕ್ಕಿದ್ದರೆ ನಿಮ್ಮ ಜೊತೆ ಇನ್ನಷ್ಟು ದಿನ ಇರ್ತಿದ್ರು" ಎಂದೆ.

"ಸಿಕ್ಕಿತ್ತಲ್ಲವಾ," ಎಂದರು ಆಕೆ. "ನಿನಗ ಹೇಳಿಲ್ಲೇನು? 'ಅವ್ವಾ, ಇಲ್ಲೊಂದು ಹುಡುಗಿ ದಿನ ತುಂಬಿದಾಕಿ ಅದಾಳ, ಹತ್ತಿರ ಯಾರೂ ಇಲ್ಲ, ಮಳಿ ನಿಂತ ಮ್ಯಾಲ ಬರ್ತೀನಿ' ಅಂದ್ಳು. ನಾ ಸಿಟ್ಟಾಗಿ ಫೋನ್ ಇಟ್ಟೆ."

ಮಳೆ ನಿಂತ ಮೇಲೆ ಎಂದು ಅಕ್ಕ ಮುಂದಕ್ಕೆ ಹಾಕಿದ ಕೆಲಸ ಅದೊಂದೇ. ಬದುಕೆಲ್ಲ ಕಾದ ಬಿಸಿಲನ್ನು ನನಗಾಗಿ ಮುಂದಕ್ಕೆ ಹಾಕಿದ್ದರು. "ಆ ಕೂಸಿನ್ನ ತೋರ್ಸವಾ" ಎಂದರು ಅವ್ವ. ಫೋನ್ ತಿರುಗಿಸಿದೆ. ಮಗಳು ಪರದೆಗೆ ಕೈ ಬಡಿದು ನಕ್ಕಳು. ಮುದುಕಿ ಬಹಳ ಹೊತ್ತು ಅವಳನ್ನು ನೋಡಿದರು.

"ಛಲೋ ಆತು," ಎಂದರು. "ಅಕಿ ಅಲ್ಲೇ ಉಳಿದಿದ್ದು ಛಲೋ ಆತು."

ಫೋನ್ ಇಟ್ಟಾಗ ಹೊರಗೆ ಆ ವರ್ಷದ ಮಳೆ ಶುರುವಾಗಿತ್ತು. ಕಪಾಟಿನಿಂದ ಹಳದಿ ಬೂಟು ತೆಗೆದೆ. ಇನ್ನೂ ದೊಡ್ಡದೇ. ಒಳಗೆ ಕಾಲುಚೀಲ ತುರುಕಿ ಮಗಳಿಗೆ ತೊಡಿಸಿ, ಎರಡು ಕೈ ಹಿಡಿದು ಕಟ್ಟಡದ ಕೆಳಗಿನ ಅಂಗಳಕ್ಕೆ ಇಳಿಸಿದೆ. ಅವಳು ಒಂದು ಹೆಜ್ಜೆ ಇಟ್ಟು ನೀರಿನ ಗುಂಡಿಯಲ್ಲಿ ನಿಂತು, ಮುಖ ಮೇಲೆತ್ತಿ, ಕಣ್ಣು ಮುಚ್ಚಿದಳು.